ನಾಡ್ಯೂಲ್ ಅರೆಯುತ್ತಿದ್ದ ಕಾಲ

“ತಾತ, ಒಂದು ಕಲ್ಲಿಗೆ ವಾರಗಟ್ಟಲೆ ಏನು ಮಾಡ್ತಾ ಇದ್ರಿ?” ಅಂತ ಕೇಳಿದಳು ತಮ್ಮನ ಮೊಮ್ಮಗಳು. ಭೂವಿಜ್ಞಾನ ಓದುತ್ತಿರುವ ಹುಡುಗಿ. ಎಕ್ಸ್‌ಆರ್‌ಎಫ್ ಗನ್ನನ್ನು ಕಲ್ಲಿಗೆ ಒತ್ತಿ ಹಿಡಿದರೆ ನಿಮಿಷದೊಳಗೆ ಮ್ಯಾಂಗನೀಸ್ ಎಷ್ಟು, ನಿಕಲ್ ಎಷ್ಟು ಎಂದು ತೋರಿಸುವುದನ್ನು ಅವಳು ಕಂಡಿದ್ದಾಳೆ. ನಾನು ನಿವೃತ್ತನಾಗಿ ನಮ್ಮೂರು ಶ್ರೀಮಂಗಲಕ್ಕೆ ಮರಳಿದ ಮೇಲೆ ಈ ಕೆಲಸದ ಬಗ್ಗೆ ಕೇಳಿದವರು ಅವಳೊಬ್ಬಳೇ.

1981ರ ಜನವರಿ 26ರಂದು ‘ಗವೇಷಣಿ’ ಹಡಗು ಅರಬ್ಬಿ ಸಮುದ್ರದಿಂದ ನಮ್ಮ ದೇಶದ ಮೊದಲ ನಾಡ್ಯೂಲನ್ನು, ಅಂದರೆ ಸಮುದ್ರತಳದ ಲೋಹದ ಗಡ್ಡೆಯನ್ನು, ಎತ್ತಿತು. ಹುಡುಕಾಟ ಆಮೇಲೆ ಹಿಂದೂ ಮಹಾಸಾಗರದ ನಡುವಿಗೆ, ಐದು ಸಾವಿರ ಮೀಟರ್ ಆಳಕ್ಕೆ ಹೋಯಿತು. 1987ರಲ್ಲಿ ಅಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರ್ ಭಾರತದ ಪಾಲಿಗೆ ಬಂತು. ಕರಾವಳಿಯ ನಮ್ಮ ಪ್ರಯೋಗಾಲಯಕ್ಕೂ ಆ ಕಲ್ಲುಗಳು ಬಂದವು. ಕಪ್ಪಗೆ, ಒರಟಾಗಿ, ಮುಷ್ಟಿಯೊಳಗೆ ಹಿಡಿಸುವಷ್ಟು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆದವು.

ನಮ್ಮ ಮೇಷ್ಟ್ರು ಅವನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಸುರಿದ ಕೂಡಲೇ ಮ್ಯಾಂಗನೀಸ್ ಕ್ಲೋರಿನನ್ನು ಹೊರಗೆ ದಬ್ಬುತ್ತದೆ. ಬ್ಲೀಚಿಂಗ್ ಪೌಡರಿನ ಆ ಘಾಟು ನಮ್ಮ ಅಂಗಿಗೆ, ತಲೆಗೂದಲಿಗೆ, ಮಧ್ಯಾಹ್ನದ ಬುತ್ತಿಗೂ ಹತ್ತುತ್ತಿತ್ತು. ಈಗಲೂ ಯಾರಾದರೂ ಬಾವಿಗೆ ಬ್ಲೀಚಿಂಗ್ ಹಾಕಿದರೆ ನನಗೆ ಮೇಷ್ಟ್ರು ಕಾಣುತ್ತಾರೆ. ಕಬ್ಬಿಣವನ್ನು ಅಡ್ಡಬಾರದಂತೆ ಕಟ್ಟಿಹಾಕಿ, ಡೈಮೀಥೈಲ್ ಗ್ಲೈಆಕ್ಸೈಮ್ ಬೆರೆಸಿ, ಅಮೋನಿಯಾ ಹನಿ ಹನಿಯಾಗಿ ಬಿಟ್ಟಾಗ ನಿಕಲ್ ಗುಲಾಬಿಗೆಂಪಾಗಿ ಒತ್ತರಿಸುತ್ತಿತ್ತು. ಆ ಹೊತ್ತಿಗೆ ಯಾರೂ ಮಾತಾಡುವಂತಿರಲಿಲ್ಲ.

ಕಲ್ಲಿಗಾಗಿ ನಡೆಯುತ್ತಿದ್ದ ಚೌಕಾಸಿಯಂತೂ ಮರೆಯುವಂಥದ್ದಲ್ಲ. ಭೂವಿಜ್ಞಾನಿಗಳಿಗೆ ನಾಡ್ಯೂಲ್ ಇಡಿಯಾಗಿ ಉಳಿಯಬೇಕು, ನಮಗೆ ಅದು ಪುಡಿಯಾಗಬೇಕು. “ಮೂಲೆಯಿಂದ ಒಂದು ಚೂರು ತಗೊಳ್ಳಿ ಸಾರ್” ಎಂದು ಅವರು. “ಮೂಲೆ ಬೇಡ. ನೆತ್ತಿಯಿಂದ ಬುಡದವರೆಗೆ ಸೀಳಿ ಅರ್ಧ ಕೊಡಿ, ಇಲ್ಲ ನೀವೇ ಇಟ್ಟುಕೊಳ್ಳಿ” ಎಂದು ಮೇಷ್ಟ್ರು. ಹಟ ಸುಮ್ಮನಲ್ಲ. ನೀರಿಗೆ ತೆರೆದ ಮೇಲ್ಭಾಗದಲ್ಲಿ ಕಬ್ಬಿಣ, ಕೋಬಾಲ್ಟ್ ಹೆಚ್ಚು. ಕೆಸರಿನಲ್ಲಿ ಹೂತ ಬುಡದಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ ಹೆಚ್ಚು.

ಎಕ್ಸ್‌ಆರ್‌ಎಫ್ ಯಂತ್ರ ಬಂದಾಗ ಮೇಷ್ಟ್ರೇ ಮೊದಲು ಕಲಿತರು. ಎಕ್ಸ್‌ಕಿರಣ ಬಡಿದು ಪರಮಾಣುವಿನ ಒಳಗಿನ ಎಲೆಕ್ಟ್ರಾನು ಹಾರಿಹೋಗುತ್ತದೆ, ಹೊರಗಿನದು ಆ ಜಾಗಕ್ಕೆ ಇಳಿಯುತ್ತದೆ, ಇಳಿಯುವಾಗ ಆ ಧಾತುವಿಗಷ್ಟೇ ಸಲ್ಲುವ ಕಿರಣ ಹೊರಡುತ್ತದೆ. ಅದನ್ನು ಎಣಿಸಿದರಾಯಿತು. ಆದರೆ ಅದಕ್ಕೆ ಮುಂಚಿನ ದುಡಿಮೆ ಹಾಗೇ ಉಳಿಯಿತು: 110 ಡಿಗ್ರಿಯಲ್ಲಿ ಒಣಗಿಸುವುದು, ಉಕ್ಕಿನ ಕಬ್ಬಿಣ ಸೇರದಂತೆ ಅಗೇಟ್ ಕಲ್ಬತ್ತಿನಲ್ಲಿ ಅರೆಯುವುದು, ಲಿಥಿಯಂ ಟೆಟ್ರಾಬೋರೇಟ್ ಬೆರೆಸಿ ಪ್ಲಾಟಿನಂ ಮೂಸೆಯಲ್ಲಿ ಕರಗಿಸಿ ಗಾಜಿನ ಬಿಲ್ಲೆ ಎರೆಯುವುದು. ನಮ್ಮ ಪುಡಿ ಯಂತ್ರಕ್ಕೆ ಹೋಗುವ ಮೊದಲು ಅಮೆರಿಕದಿಂದ ತರಿಸಿದ ನಾಡ್-ಪಿ-1 ಎಂಬ ಪೆಸಿಫಿಕ್ ನಾಡ್ಯೂಲಿನ ಪುಡಿ ಹೋಗಬೇಕು; ಅದರ ಗೊತ್ತಿರುವ ಅಂಕಿ ಸರಿಬಂದರೆ ಮಾತ್ರ ಮುಂದಿನ ಕೆಲಸ.

ಒಣಗಿಸುವುದೇ ಎಲ್ಲಕ್ಕಿಂತ ಕಷ್ಟ. ಮಳೆಗಾಲದಲ್ಲಿ ನಾಡ್ಯೂಲ್ ಪುಡಿ ತಕ್ಕಡಿಯ ಮೇಲೆ ಕೂತಲ್ಲೇ ಗಾಳಿಯ ತೇವ ಹೀರಿ ಭಾರವಾಗುತ್ತಿತ್ತು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಹಸಿ ಕಾಫಿಗೆ ಒಣ ಕಾಫಿಯ ಬೆಲೆ ಯಾವ ವ್ಯಾಪಾರಿಯೂ ಕೊಡುವುದಿಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಕೊನೆಗಾಲದಲ್ಲಿ ಮೇಷ್ಟ್ರಿಗೆ ಕೆಮ್ಮು ಬಿಡಲೇ ಇಲ್ಲ. ಆ ಘಾಟನ್ನು ಮೊಮ್ಮಗಳು ಕುಡಿಯುವುದು ನನಗೆ ಬೇಡ. ಗನ್ ಒಳ್ಳೆಯ ಸಾಧನ. ಹಡಗಿನ ಮೇಲೆ ನಿಂತು ಯಾವ ಕಲ್ಲು ಇಟ್ಟುಕೊಳ್ಳಬೇಕು ಎಂದು ಆರಿಸಲು ಅದಕ್ಕಿಂತ ಬೇರೆ ಬೇಡ. ಆದರೆ ಅದು ನೋಡುವುದು ಮುಂದಿಟ್ಟ ಮೈಯ ತೀರಾ ತೆಳುವಾದ ಪದರವನ್ನು. ಹಸಿ ಕಲ್ಲಿನ ನೆತ್ತಿಗೆ ಒತ್ತಿ ಪಡೆದ ಅಂಕಿಯನ್ನು ಎರಡು ದಶಮಾಂಶದವರೆಗೆ ಬರೆದು ಇಡೀ ನಾಡ್ಯೂಲಿನ ಲೆಕ್ಕವೆಂದು ಒಪ್ಪಿಸುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಈಗ ನಮ್ಮ ಪಾಲು 75 ಸಾವಿರ ಚದರ ಕಿಲೋಮೀಟರಿಗೆ ಇಳಿದಿದೆ. ಮೂವರನ್ನು ಆರು ಸಾವಿರ ಮೀಟರಿಗೆ ಇಳಿಸಲು ‘ಮತ್ಸ್ಯ 6000’ ಎಂಬ ಮುಳುಗುನೌಕೆ ಸಿದ್ಧವಾಗುತ್ತಿದೆ. ಟಿವಿಯವರು ದಿನವೂ ಸಾಗರದಡಿಯ ನಿಧಿಯ ಬೆಲೆ ಕೂಗುತ್ತಾರೆ. ಅವರು ಹೇಳುವ ಶೇಕಡಾ ಒಂದರ ಆಸುಪಾಸಿನ ನಿಕಲ್, ಅಷ್ಟೇ ತಾಮ್ರ, ಒಣ ತೂಕದ ಲೆಕ್ಕ. ಹಡಗಿಗೆ ಬಂದು ಬೀಳುವ ನಾಡ್ಯೂಲಿನ ತೂಕದಲ್ಲಿ ಕಾಲುಭಾಗವಾದರೂ ನೀರು. ಅದನ್ನು ಕಳೆದು ಹೇಳುವವರು ಆ ಚರ್ಚೆಗಳಲ್ಲಿ ನನಗಿನ್ನೂ ಕಂಡಿಲ್ಲ.