ವಿಳಾಸದ ವಹಿ

ಕಿಸೆಯಲ್ಲಿ ಮೊಬೈಲು ಬಂದ ಮೇಲೆ ವಿಳಾಸದ ವಹಿಗೆ ಏನು ಕೆಲಸ ಎಂದು ಕೇಳುವವರೇ ಹೆಚ್ಚು. ಯಮನೂರಿನ ನಮ್ಮ ಮನೆಯಲ್ಲಂತೂ ಗೋಡೆಯ ಮಾಡದಲ್ಲಿ ಅದಕ್ಕೆ ಇನ್ನೂ ಜಾಗವಿದೆ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ವರ್ಷ ಕೊಂಡದ್ದು. ರಟ್ಟು ಹರಿದಿದೆ, ಬೆನ್ನಿಗೆ ಬಟ್ಟೆ ಅಂಟಿಸಿದ್ದೇನೆ.

ಪುಟ ತಿರುವಿದರೆ ನಮ್ಮ ಸೀಮೆಯ ಚರಿತ್ರೆಯೇ ಕಾಣುತ್ತದೆ. ಗದುಗಿನ ಗೆಳೆಯನ ವಿಳಾಸದಲ್ಲಿ ‘ಜಿಲ್ಲೆ: ಧಾರವಾಡ’ ಎಂದಿತ್ತು, 1997ರಲ್ಲಿ ಜಿಲ್ಲೆ ಒಡೆದಾಗ ಅದಕ್ಕೆ ಗೀಟು ಬಿತ್ತು. ಪಿನ್ ಕೋಡಿಗೆ ಮಾತ್ರ ಬೀಳಲಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಅಂಚೆಯ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ, ಉಳಿದ ಮೂರು ಅಂಚೆ ಕಚೇರಿಯನ್ನು. ಧಾರವಾಡದ್ದು 580001, ಗದುಗಿನದು 582101, ನಮ್ಮ ನವಲಗುಂದದ್ದು 582208. ಸರಕಾರ ನಮ್ಮನ್ನು ಧಾರವಾಡಕ್ಕೇ ಉಳಿಸಿಕೊಂಡರೂ ಅಂಚೆಯ ಲೆಕ್ಕದಲ್ಲಿ ನಾವು ಇಂದಿಗೂ ಗದುಗಿನ ಬಳಗ!

ವರ್ಗವಾಗುತ್ತಲೇ ಇದ್ದ ಮಾಸ್ತರರೊಬ್ಬರ ಹೆಸರಿನ ಕೆಳಗೆ ನಾಲ್ಕು ಊರುಗಳಿವೆ, ಮೂರಕ್ಕೆ ಗೀಟು. ಮೊಬೈಲಿನಲ್ಲಾದರೆ ಹೊಸದು ಹಳೆಯದನ್ನು ನುಂಗಿಬಿಡುತ್ತಿತ್ತು. ತೀರಿಕೊಂಡವರ ಹೆಸರಿಗೆ ನಾನು ಗೀಟು ಎಳೆಯುವುದಿಲ್ಲ. ಪಕ್ಕದಲ್ಲಿ ಅವರ ಮಕ್ಕಳ ನಂಬರು ಬರೆದುಕೊಳ್ಳುತ್ತೇನೆ. ಸಂಬಂಧ ಅಷ್ಟಕ್ಕೇ ಮುಗಿಯುವುದಿಲ್ಲವಲ್ಲ.

ಮಗಳು ನಗುತ್ತಾಳೆ: ‘ಅಪ್ಪಾ, ಎಲ್ಲಾ ಗೂಗಲ್‌ನ್ಯಾಗ ಇರ್ತಾವು. ಫೋನ್ ಕಳದ್ರೂ ಹೊಸಾದ್ರಾಗ ತಿರುಗಿ ಬರ್ತಾವು.’

ಆಕೆ ಹೇಳುವುದು ಸುಳ್ಳಲ್ಲ. ಆದರೆ ತಿರುಗಿ ಬರಬೇಕಾದರೆ ಕರೆಂಟು ಬೇಕು, ಸಿಗ್ನಲ್ಲು ಬೇಕು, ಪಾಸ್‌ವರ್ಡು ನೆನಪಿರಬೇಕು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಕರೆಂಟು ಹೋಗಿ ನಮ್ಮ ಓಣಿಯ ಫೋನುಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದವು. ನೆರೆಮನೆಯ ಅಜ್ಜಿಯ ಇನ್ಸುಲಿನ್ ತೀರುತ್ತ ಬಂದಿತ್ತು. ಹುಬ್ಬಳ್ಳಿಯಲ್ಲಿದ್ದ ಮಗನ ನಂಬರು ಆಕೆಗೆ ಬಾಯಿಪಾಠವಿಲ್ಲ. ಇದ್ದದ್ದು ಆರಿಹೋದ ಫೋನಿನೊಳಗೆ. ಮಗ ನನ್ನ ಹಳೆಯ ವಿದ್ಯಾರ್ಥಿ, ವಹಿಯಲ್ಲಿ ಅವನ ಹೆಸರಿತ್ತು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಚಾರ್ಜು ಮಾಡಿದ್ದ ಯಾರದೋ ಫೋನಿನಲ್ಲಿ ಆ ಹತ್ತು ಅಂಕಿ ಒತ್ತಿದೆವು. ಮರುದಿನ ನೀರು ಇಳಿದದ್ದೇ ತಡ, ಆತ ಔಷಧ ಹಿಡಿದು ಬಂದ.

ಎಲ್ಲರೂ ವಹಿ ಇಡಬೇಕೆಂದು ನಾನು ಹೇಳುವುದಿಲ್ಲ. ತೀರ ಬೇಕಾದ ಹತ್ತು ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ದೇವರ ಜಗಲಿಯ ಹತ್ತಿರ ಇಟ್ಟರೆ ಸಾಕು. ಪೆನ್ನು ಬೇಡ, ಪೆನ್ಸಿಲ್ಲಿನಿಂದ ಬರೆಯಿರಿ. ಶಾಯಿ ನೀರಿಗೆ ಕದಡಿಹೋಗುತ್ತದೆ, ಪೆನ್ಸಿಲ್ಲಿನ ಗ್ರಾಫೈಟ್ ಕರಗುವುದಿಲ್ಲ. ಹಳ್ಳದ ದಂಡೆಯ ಊರಿನವರಿಗೆ ಇಷ್ಟು ವಿಜ್ಞಾನ ಗೊತ್ತಿರಲಿ.