ಅಟ್ಟದ ಮೇಲಿನ ಪಾಠ

ವಿದ್ಯೆಯೆಂಬ ಮಾತು ಕಿವಿಗೆ ಬಿದ್ದೊಡನೆ ಓದುಬಲ್ಲ ಮನೆಗಳಲ್ಲಿ ಪುಸ್ತಕ, ಪಾಠಶಾಲೆ, ಪರೀಕ್ಷೆಗಳ ನೆನಪು ಬರುವುದು ಸಹಜವೇ ಸರಿ. ಆದರೆ ಮನುಷ್ಯನು ಬೆಳಗಿನಿಂದ ಬೈಗಿನವರೆಗೆ ಬಾಳುವುದಕ್ಕೆ ಬೇಕಾದ ಅರಿವಿನಲ್ಲಿ ಹೆಚ್ಚಿನ ಪಾಲು ಯಾವ ಪುಸ್ತಕದಿಂದಲೂ ಬಂದುದಲ್ಲ. ಹೆಪ್ಪು ಹಾಕುವ ಹಾಲು ಎಷ್ಟು ಬೆಚ್ಚಗಿರಬೇಕೆಂಬುದನ್ನು ಬೆರಳ ತುದಿ ಬಲ್ಲದು. ರಾಗಿಯ ಹಿಟ್ಟು ಬೆಂದಿತೆಂಬುದನ್ನು ಒದ್ದೆಗೈ ಬಲ್ಲದು. ಇಂಥ ಅರಿವನ್ನು ಕೊಟ್ಟವರು ತಾವು ಗುರುಗಳೆಂದು ಹೇಳಿಕೊಳ್ಳುವುದಿಲ್ಲ. ಪಡೆದವರಿಗೆ ಎಂದು ಕಲಿತೆವೆಂಬ ನೆನಪೂ ಇರುವುದಿಲ್ಲ. ಆದುದರಿಂದಲೇ ಅದು ಅಲ್ಪವೆನಿಸಿಕೊಂಡಿದೆ. ಅಲ್ಪವೆನಿಸಿದ್ದು ಯಾರ ಗಮನಕ್ಕೂ ಬಾರದೆ ಕಳೆದುಹೋಗುವುದೂ ಉಂಟು.

ಅರಸೀಕೆರೆಯ ಸೀಮೆಯು ತೆಂಗಿನ ಸೀಮೆ. ಬೆಂಗಳೂರು-ಹುಬ್ಬಳ್ಳಿಯ ರೈಲುದಾರಿಯನ್ನು ಮೈಸೂರಿನ ದಾರಿಯು ಬಂದು ಕೂಡುವ ಆ ಊರಿನ ಸುತ್ತಲೂ ತೆಂಗಿನ ತೋಟಗಳೇ ಕಣ್ಣಿಗೆ ಬೀಳುತ್ತವೆ. ಅಲ್ಲಿಯ ಕೊಬ್ಬರಿಯು ಬಿಸಿಲಿನಲ್ಲಿ ಒಣಗಿಸಿದ ಹೋಳಲ್ಲ, ಇಡಿಯ ಉಂಡೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿ, 8 ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನು ನಯವಾಗಿ ಒಡೆದರೆ ಗಿಟುಕು ಇಡಿಯಾಗಿ ಕೈಗೆ ಬರುತ್ತದೆ. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿ ಚೂರಾಗುತ್ತದೆ. ಉಂಡೆಗೆ ಸಿಕ್ಕುವ ಬೆಲೆ ಚೂರಿಗೆ ಸಿಕ್ಕದು. ವರುಷದ ಕಾಯುವಿಕೆ ಒಂದೇ ಏಟಿನಲ್ಲಿ ವ್ಯರ್ಥವಾಗುತ್ತದೆ. ಸಿಪ್ಪೆಯ ಒಳಗೆ ಏನು ನಡೆದಿದೆಯೆಂಬುದನ್ನು ಕಣ್ಣು ತಿಳಿಯಲಾರದು, ಕಿವಿಯೇ ತಿಳಿಯಬೇಕು.

ಆ ಸೀಮೆಯ ಹಳ್ಳಿಯೊಂದರಲ್ಲಿ ಹೀಗೊಂದು ಮನೆ. ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥ. ತೋಟ ನೋಡಿಕೊಳ್ಳುವವರಿಲ್ಲವಾಗಿ ಅದನ್ನು ಗುತ್ತಿಗೆಗೆ ಕೊಡುವ ಮಾತು ನಡೆದಿತ್ತು. ರಜೆಗೆಂದು ಬಂದ, ಕಾಲೇಜಿನಲ್ಲಿ ಓದುವ ಮೊಮ್ಮಗನನ್ನು ಅಜ್ಜಿಯು ಒಂದು ಮಧ್ಯಾಹ್ನ ಅಟ್ಟಕ್ಕೆ ಹತ್ತಿಸಿ, ಮೂರು ಕಾಯಿಗಳನ್ನು ಮುಂದಿಟ್ಟಳು.

"ಅಲ್ಲಾಡಿಸಿ ನೋಡಪ್ಪ, ಯಾವುದು ಆಗಿದೆ ಹೇಳು."

ಹುಡುಗನು ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದನು. ಎರಡು ಸದ್ದು ಮಾಡಿದವು, ಒಂದು ಮಾಡಲಿಲ್ಲ. ಸದ್ದು ಮಾಡಿದವೆರಡೂ ಆಗಿವೆಯೆಂದನು. ಅಜ್ಜಿ ನಕ್ಕಳು.

"ಇದರಲ್ಲಿ ನೀರು ಕುಲುಕುತ್ತೆ, ಇನ್ನೂ ಹಸಿ. ಇದು ಗಡಗಡ ಅನ್ನುತ್ತೆ ಕೇಳು, ಇದು ಆಗಿದೆ. ಈ ಸುಮ್ಮನಿರೋದು ಇದೆಯಲ್ಲ, ನೀರು ಇಂಗಿದೆ, ತಿರುಳು ಚಿಪ್ಪು ಬಿಟ್ಟಿಲ್ಲ. ಅದನ್ನ ಒಡೆಯೋಕೆ ಹೋಗಬಾರದು, ಕಾಯಬೇಕು."

"ನಿನಗೆ ಇದನ್ನ ಯಾರು ಹೇಳಿಕೊಟ್ಟರಜ್ಜಿ?"

"ಯಾರು ಹೇಳಿಕೊಡ್ತಾರೆ? ನಮ್ಮತ್ತೆ ಜೊತೆ ಅಟ್ಟ ಹತ್ತುತಾ ಇದ್ದೆ, ಅಷ್ಟೇ."

ಇಪ್ಪತ್ತು ಮೂವತ್ತು ಕಾಯಿಗಳನ್ನು ಅಲ್ಲಾಡಿಸಿದ ಮೇಲೆ ಹುಡುಗನ ಕಿವಿಗೂ ಭೇದ ತಿಳಿಯತೊಡಗಿತು.

ಮರುದಿನ ಅವನು ಜಾವಗಲ್ಲು, ಹಳೇಬೀಡುಗಳ ಮಾರ್ಗವಾಗಿ ಬೇಲೂರಿಗೆ ಹೋದನು. ಅಲ್ಲಿಯ ಚೆನ್ನಕೇಶವನ ಗುಡಿಯು ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡುದು. ಅದರ ಕಲ್ಲು ಬಳಪದ ಕಲ್ಲು: ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಮೃದು, ಗಾಳಿಗೆ ಒಡ್ಡಿಕೊಂಡಂತೆ ಬರಬರುತ್ತ ಗಡುಸು. ಶಿಲ್ಪಿಯೂ ಹದವನ್ನರಿತು ಕೆಲಸ ಮಾಡಬೇಕಾಗಿತ್ತು. ಅಲ್ಲಿ ಒಬ್ಬ ಮದನಿಕೆಯ ಮೇಲಿನ ಬಳ್ಳಿಮಾಡದಲ್ಲಿ ಒಂದು ಹಣ್ಣು, ಹಣ್ಣಿನ ಮೇಲೊಂದು ನೊಣ, ನೊಣಕ್ಕೆ ಹೊಂಚಿ ನಿಂತ ಹಲ್ಲಿ. ಮದನಿಕೆಯ ಅಂಗಲಕ್ಷಣಗಳನ್ನು ಶಿಲ್ಪಶಾಸ್ತ್ರ ಹೇಳಿರಬಹುದು. ಹಲ್ಲಿಯ ಹೊಂಚನ್ನು ಶಿಲ್ಪಿಯು ಸಂಜೆಯ ಹೊತ್ತು ತನ್ನ ಮನೆಯ ಗೋಡೆಯ ಮೇಲೆಯೇ ಕಂಡಿರಬೇಕು.

ಆ ಗುಡಿಯ ವಿಗ್ರಹಗಳಲ್ಲಿ ಕೆಲವು ತಮ್ಮನ್ನು ಕಡೆದವರ ಹೆಸರನ್ನು ಹೊತ್ತಿವೆ. ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರೂ ಇದೆ. ತಂದೆಯು ಮಗನಿಗೆ ಏನು ಹೇಳಿಕೊಟ್ಟನೆಂಬುದು ಎಲ್ಲಿಯೂ ಬರೆದಿಲ್ಲ. ತಂದೆಯ ಪಕ್ಕದಲ್ಲಿ ನಿಂತು, ಉಳಿಯ ಸದ್ದನ್ನು ಕೇಳುತ್ತ, ಮಗನು ಕಲಿತನೆಂದು ಮಾತ್ರ ಊಹಿಸಬಹುದು. ಅಟ್ಟ ಹತ್ತಿದ ಸೊಸೆಯ ಕಲಿಕೆಗೂ ಇದಕ್ಕೂ ಬಗೆಯಲ್ಲಿ ಭೇದವಿಲ್ಲ.

ಹಿಂದಿರುಗುವಾಗ ಹುಡುಗನು ಹಳೇಬೀಡಿನಲ್ಲಿ ಇಳಿದನು. ಹೊಯ್ಸಳರ ರಾಜಧಾನಿಯಾಗಿದ್ದ ಆ ದೋರಸಮುದ್ರವು 1311ರಲ್ಲಿ ಮಲಿಕ್ ಕಾಫರನ ದಂಡಿಗೆ ಸಿಕ್ಕಿತು. ಆ ಶತಮಾನದ ನಡುವಿನ ಹೊತ್ತಿಗೆ ಅರಸುಮನೆತನವೇ ಮುಗಿಯಿತು. ಹೊಯ್ಸಳೇಶ್ವರನ ಗುಡಿಯು ಇಂದಿಗೂ ಶಿಖರವಿಲ್ಲದೆ ನಿಂತಿದೆ. ಕಟ್ಟಿಸುವವರು ಇಲ್ಲವಾದ ಮೇಲೆ ಕಟ್ಟುವ ಕೆಲಸ ನಿಂತಿತು. ಕೆಲಸ ನಿಂತ ಮೇಲೆ ತಂದೆಯ ಪಕ್ಕದಲ್ಲಿ ಮಗನು ನಿಲ್ಲುವ ಎಡೆಯೂ ಇಲ್ಲವಾಯಿತು. ಆ ಬಗೆಯ ಗುಡಿಗಳನ್ನು ಕಟ್ಟುವ ಪರಂಪರೆ ಅಲ್ಲಿಗೆ ಕಡಿಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದು ಸಂತೋಷದ ಸಂಗತಿ. ಕಲ್ಲನ್ನು ಕಾಪಾಡಲು ಕಾನೂನುಂಟು, ಕಾವಲುಂಟು. ಆದರೆ ಕಡೆದ ಕೈಯ ಅರಿವನ್ನು ಯಾವ ಪಟ್ಟಿಯೂ ಮರಳಿ ತರಲಾರದು.

ಕಾಯಿಯ ಸದ್ದನ್ನರಿಯುವ ಕಿವಿಗೆ ಇನ್ನೂ ಆ ಗತಿ ಬಂದಿಲ್ಲ. ಅಜ್ಜಿಯ ತೋಟ ಗುತ್ತಿಗೆಗೆ ಹೋಗುವುದೋ ಉಳಿಯುವುದೋ ಹಿರಿಯರ ತೀರ್ಮಾನಕ್ಕೆ ಬಿಟ್ಟುದು; ನಗರದ ಬಾಳಿಗೂ ಅದರದೇ ಆದ ಒತ್ತಾಯಗಳುಂಟು. ಓದಿದ ಮಕ್ಕಳೆಲ್ಲರೂ ಊರಿಗೆ ಮರಳಬೇಕೆಂದು ಬಯಸುವುದು ಸುಲಭ, ನಡೆಸುವುದು ಕಷ್ಟ. ಆದರೆ ಹಿರಿಯರು ಕೆಲಸದಲ್ಲಿರುವಾಗ ಕಿರಿಯರು ಅವರ ಪಕ್ಕದಲ್ಲಿ ಒಂದು ಗಳಿಗೆ ನಿಲ್ಲುವುದಕ್ಕೆ ಅಂಥ ಕಷ್ಟವೇನಿಲ್ಲ. ಹೆಪ್ಪಿನ ಹಾಲಿಗೆ ಅವರ ಬೆರಳೂ ತಾಕಲಿ, ಅಟ್ಟದ ಕಾಯಿ ಅವರ ಕೈಯಲ್ಲಿಯೂ ಒಮ್ಮೆ ಅಲ್ಲಾಡಲಿ. ಹೇಳಿಕೊಡುವ ಗೋಜು ಬೇಕಿಲ್ಲ. ಅತ್ತೆಯ ಹಿಂದೆ ಅಟ್ಟ ಹತ್ತಿದ ಸೊಸೆಗೆ ಸಂದ ಪಾಠವು ಅಷ್ಟರಿಂದಲೇ ಸಂದಿತು.