ತೊಂಬತ್ತೆರಡು ಅಡಿಯ ಯಾತ್ರೆ

ಮೊದಲ ಹದಿನಾಲ್ಕು ಅಡಿ ಬೀಡುಕಬ್ಬಿಣ. ದಶಕಗಳ ತುಕ್ಕು ಕೊಳವೆಯ ಒಳಮೈಯಲ್ಲಿ ಗಂಟುಗಂಟಾಗಿ ಬೆಳೆದು, ಕ್ಯಾಮೆರಾದ ಬೆಳಕಿಗೆ ಕಿತ್ತಳೆ, ಕಂದು, ಅಚ್ಚಗಪ್ಪು ಬಣ್ಣಗಳಲ್ಲಿ ಹೊಳೆಯುತ್ತಿತ್ತು. ತಳದಲ್ಲಿ ಎರಡು ಬೆರಳಗಲದ ನೀರು ನಮಗಿಂತ ಮುಂದೆ ಮುಂದೆ ಹರಿಯುತ್ತಿತ್ತು. ಪರದೆಯ ಮೂಲೆಯಲ್ಲಿ ಅಡಿಗಳ ಅಂಕಿ ಏರುತ್ತಲೇ ಇತ್ತು. ಹದಿನೈದನೆಯ ಅಡಿಗೆ ಕಬ್ಬಿಣ ತಟ್ಟನೆ ಮುಗಿದು ಸುಟ್ಟ ಕೆಂಪು ಮಣ್ಣಿನ ಕೊಳವೆ ಶುರುವಾಯಿತು. “ಈಗ ಅಡಿಪಾಯ ದಾಟಿದೆವು,” ಎಂದ ತಪಾಸಣೆಗೆ ಬಂದವನು. ನಾವು ನಿಂತದ್ದು ನೆಲಮಾಳಿಗೆಯಲ್ಲೇ. ದಾಟಿದ್ದು ಬರೀ ಕಣ್ಣು. ಆದರೂ ಹೊಸ ದೇಶವೊಂದರ ಗಡಿ ದಾಟಿದಂತೆ ನನ್ನ ಎದೆ ಹೊಡೆದುಕೊಂಡಿತು.

ಪಿಟ್ಸ್‌ಬರ್ಗಿಗೆ ಬಂದವರು ನೋಡುವುದು ಸೇತುವೆಗಳನ್ನು. ಅಲೆಗೇನಿ, ಮನಾಂಗಹೀಲಾ ಎಂಬ ಎರಡು ನದಿಗಳು ಊರ ನಡುವೆ ಕೂಡಿ ಒಹಾಯೋ ಆಗಿ ಹರಿಯುವ ಸಂಗಮವನ್ನು. ನಮ್ಮವರಾದರೆ ಪೆನ್ ಹಿಲ್ಸ್‌ನ ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನವನ್ನು. ಇವೆಲ್ಲವನ್ನೂ ನಾನೂ ಕಣ್ತುಂಬ ನೋಡಿದೆ. ಆದರೆ ಮಗಳು, ಅಳಿಯ ಕೊಳ್ಳಬೇಕೆಂದಿದ್ದ ಆ ಹಳೆಯ ಇಟ್ಟಿಗೆ ಮನೆಯ ಕೆಳಗೆ ಕಂಡದ್ದನ್ನು ಬೇರೆಲ್ಲೂ ಕಾಣಲಿಲ್ಲ. ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳುವವರು ಮಾಡು, ಗೋಡೆ, ಒಲೆಗಳ ಜೊತೆಗೆ ಮನೆಯಿಂದ ಬೀದಿಗೆ ಹೋಗುವ ಮಲಿನ ನೀರಿನ ಕೊಳವೆಯನ್ನೂ ಒಳಗಿನಿಂದ ನೋಡಿಸುತ್ತಾರೆ. ಏಕೆಂದರೆ ಅಲ್ಲಿಯ ಹೆಚ್ಚಿನ ಊರುಗಳಲ್ಲಿ ಬೀದಿಯ ದೊಡ್ಡ ಕೊಳವೆ ಮುಟ್ಟುವವರೆಗಿನ ಪೈಪು ಮನೆಯವರದೇ ಆಸ್ತಿ. ಅದು ಒಡೆದರೆ ಅಗೆತದ ಖರ್ಚೂ ಅವರದೇ.

“ಅವ್ವಾ, ನೀ ಮ್ಯಾಲೆ ಕುಂದ್ರು, ಕೆಳಗ ವಾಸನಿ ಬರ್ತದ,” ಎಂದಳು ಮಗಳು. ನಾನು ಕೇಳಲಿಲ್ಲ. ಇಳಿದು ನೋಡಿದರೆ ನೆಲಮಾಳಿಗೆಯ ಒಂದು ಮೂಲೆಯಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಬಟ್ಟಬಯಲಿನಲ್ಲಿ ಒಂದು ಕಮೋಡು! ಆ ಊರಿನ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಉಕ್ಕಿನ ಕಾರ್ಖಾನೆಯಿಂದ ಮಸಿ ಹತ್ತಿಸಿಕೊಂಡು ಬಂದ ಕಾರ್ಮಿಕ ಇಲ್ಲೇ ಶುಚಿಯಾಗಿ ಮೇಲೆ ಹೋಗುತ್ತಿದ್ದ ಅನ್ನುವವರಿದ್ದಾರೆ. ಬೀದಿಯ ಕೊಳವೆ ತುಂಬಿ ಹಿಂದಕ್ಕೆ ನುಗ್ಗಿದಾಗ ಹೊಲಸು ಮೇಲಿನ ಮನೆಗೆ ಬಾರದೆ ಇಲ್ಲೇ ಉಕ್ಕಲಿ ಎಂದು ಇಟ್ಟದ್ದು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ನಂಬಿಕೆಯಾಯಿತು. ಕೊಳವೆ ಎರಡೂ ಕಡೆಗೆ ಹರಿಯಬಲ್ಲದು ಎಂಬುದನ್ನು ಆ ಒಂಟಿ ಕಮೋಡು ಹೇಳುತ್ತಿತ್ತು.

ಕ್ಯಾಮೆರಾ ಅಂದರೆ ಹೆಬ್ಬೆರಳಿಗಿಂತ ತುಸು ದಪ್ಪನೆಯ ಉಕ್ಕಿನ ತಲೆ. ಗೀರು ಬೀಳದಿರಲೆಂದು ಮುಂಭಾಗಕ್ಕೆ ಕೃತಕ ನೀಲಮಣಿಯ ಹರಳು, ಸುತ್ತಲೂ ಎಲ್‌ಇಡಿ ದೀಪಗಳ ಉಂಗುರ. ಹಿಂದೆ ರಾಟೆಗೆ ಸುತ್ತಿದ ನೂರಾರು ಅಡಿ ಕೇಬಲ್ಲು, ತಳ್ಳಿದರೆ ಮುಂದೆ ಹೋಗುವಷ್ಟು ಗಡುಸು, ತಿರುವಿನಲ್ಲಿ ಬಾಗುವಷ್ಟು ಮೆದು. ತಲೆ ಒಳಗೆ ಹೇಗೇ ಹೊರಳಿದರೂ ಪರದೆಯ ಚಿತ್ರ ಮಾತ್ರ ನೆಟ್ಟಗೇ ನಿಲ್ಲುತ್ತದೆ. ನೀರು ಯಾವಾಗಲೂ ಕೆಳಗೇ ಕಾಣುತ್ತದೆ. ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟು ವಿವೇಕ ತುಂಬಿದವರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಣ್ಣಿನ ಕೊಳವೆ ಎರಡು ಮೂರು ಅಡಿಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದ ಸಾಲು. ನಮ್ಮಲ್ಲಿ ಸ್ಟೋನ್‌ವೇರ್ ಪೈಪು ಅನ್ನುತ್ತಾರಲ್ಲ, ಅದರ ಬಳಗ. ಮಣ್ಣು ಎಂದೂ ಕೊಳೆಯುವುದಿಲ್ಲ, ಸೋಲುವುದು ಕೂಡಿಸಿದ ಜಾಗದಲ್ಲಿ. ಮೂವತ್ತೊಂದನೆಯ ಅಡಿಯಲ್ಲಿ ಅದು ಕಂಡಿತು. ಕೊಳವೆಯ ನೆತ್ತಿಯಿಂದ ಒಂದು ಎಳೆ ಬೇರು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಹೆಂಗಸಿನ ಬಿಚ್ಚಿ ಹರವಿದ ತಲೆಗೂದಲಿನಂತೆ ನೀರಿನ ಜೊತೆ ಮೆಲ್ಲಗೆ ಓಲಾಡುತ್ತಿದ್ದವು. ಅಂಗಳದ ಸಿಲ್ವರ್ ಮೇಪಲ್ ಮರದವು. ಸಂದಿನಿಂದ ಹೊರಬರುವ ತೇವದ ಜಾಡು ಹಿಡಿದು, ಆಳದ ಕತ್ತಲೆಯಲ್ಲಿ, ಕಣ್ಣಿಲ್ಲದ ಮರ ಕೂದಲೆಳೆಯಷ್ಟು ಬಿರುಕನ್ನು ಹುಡುಕಿಕೊಂಡು ಬಂದಿತ್ತು. ಒಳಗೆ ನೀರು ಸಿಕ್ಕಿತು, ಗೊಬ್ಬರವೂ ಸಿಕ್ಕಿತು, ಇನ್ನೇನು ಬೇಕು? ಮೇಲೆ ಆ ಮರದ ನೆರಳಿನಲ್ಲಿ ನಾನು ಹಿಂದಿನ ದಿನ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅದರ ಹಸಿರಿನಲ್ಲಿ ಆ ಮನೆಯವರ ಸ್ನಾನದ ನೀರೂ ಇತ್ತು!

ಬೇರುಗಳ ಪರದೆಯನ್ನು ಸರಿಸಿಕೊಂಡು ಕ್ಯಾಮೆರಾ ಮುಂದೆ ಹೋಯಿತು. ಐವತ್ತೆರಡನೆಯ ಅಡಿಗೆ ಇದ್ದಕ್ಕಿದ್ದಂತೆ ಮುಳುಗಿತು. ಪರದೆ ತುಂಬ ಮಬ್ಬು ಹಸಿರು, ಅದರಲ್ಲಿ ತೇಲುವ ಕಣಗಳು. ಕೊಳವೆಗೆ ವಾಟ ಬೇಕು, ನೂರು ಅಡಿಗೆ ಎರಡು ಅಡಿಯ ಇಳಿಜಾರು ಒಳ್ಳೆಯ ಅಳತೆ. ಇಲ್ಲಿ ಕೆಳಗಿನ ಮಣ್ಣು ಕುಸಿದು ಕೊಳವೆ ಹೊಟ್ಟೆ ಬಿಟ್ಟಿತ್ತು. ಐದಾರು ಅಡಿ ನೀರೊಳಗೇ ಸಾಗಿ ಮತ್ತೆ ಮೇಲೆದ್ದಾಗ ನಾನು ಬಿಗಿಹಿಡಿದಿದ್ದ ಉಸಿರು ಬಿಟ್ಟೆ.

ಅಲ್ಲಿ ಅವನು ಕೇಬಲ್ ತಳ್ಳುವುದನ್ನು ನಿಲ್ಲಿಸಿ ನಮ್ಮನ್ನು ಅಂಗಳಕ್ಕೆ ಕರೆದೊಯ್ದ. ಕ್ಯಾಮೆರಾದ ಕತ್ತಿನಲ್ಲಿ ಒಂದು ಪುಟ್ಟ ಪ್ರೇಷಕ ಇದೆ, ಸೆಕೆಂಡಿಗೆ 512 ಸಲ ಮಿಡಿಯುತ್ತದೆ. ಅಷ್ಟು ಮಂದವಾದ ಮಿಡಿತವಾದ್ದರಿಂದಲೇ ಅದು ಬೀಡುಕಬ್ಬಿಣವನ್ನೂ ಮಣ್ಣನ್ನೂ ತೂರಿ ಮೇಲೆ ಬರುತ್ತದೆ. ಕೈಯಲ್ಲಿ ಹಿಡಿಯುವ ಗ್ರಾಹಕವನ್ನು ಹುಲ್ಲಿನ ಮೇಲೆ ಅತ್ತ ಇತ್ತ ಆಡಿಸುತ್ತ ಅವನು ನಡೆದ. ಬೀಪ್ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಸದ್ದು ಗರಿಷ್ಠವಾದ ಜಾಗದಲ್ಲಿ ಬಾಗಿ ಹುಲ್ಲಿನ ಮೇಲೆ ಬಣ್ಣದ ಗುರುತು ಹಾಕಿ ಆಳ ಬರೆದ: ಆರು ಅಡಿ. ನಮ್ಮ ಕಡೆ ಕೊಳವೆಬಾವಿಗೆ ಜಾಗ ತೋರಿಸಲು ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕಂಡಿದ್ದೇನೆ. ಇಲ್ಲಿ ಮಾತ್ರ ಅಗೆದರೆ ಗುರಿ ತಪ್ಪುವುದಿಲ್ಲ.

ಎಷ್ಟೋ ಮನೆಗಳಲ್ಲಿ ಇದಕ್ಕಿಂತ ವಿಚಿತ್ರಗಳಿವೆ ಎಂದು ಅವನು ಹೇಳಿದ. ಎರಡನೆಯ ಮಹಾಯುದ್ಧದ ನಂತರ ಮನೆಗಳ ಬೇಡಿಕೆ ಉಕ್ಕಿದಾಗ ಮರದ ನಾರಿನ ತಿರುಳಿಗೆ ಕಲ್ಲಿದ್ದಲ ಡಾಂಬರು ಕುಡಿಸಿ ಮಾಡಿದ ಆರೆಂಜ್‌ಬರ್ಗ್ ಪೈಪನ್ನು ಅಮೆರಿಕದುದ್ದಕ್ಕೂ ಹೂಳಿದರು. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್ ಅದರ ಹುಟ್ಟೂರು. ವರ್ಷಗಳು ಕಳೆದಂತೆ ಮಣ್ಣಿನ ಭಾರಕ್ಕೆ ಅದು ಚಪ್ಪಟೆಯಾಗುತ್ತದೆ, ಒಳಪದರ ಗುಳ್ಳೆಯೇಳುತ್ತದೆ. ಇನ್ನೊಂದಂತೂ ಮೈ ನಡುಗಿಸುವಂಥದ್ದು. ಬೀದಿ ಅಗೆಯದೆ ನೆಲದಡಿಯಲ್ಲೇ ಕೊರೆದು ಪ್ಲಾಸ್ಟಿಕ್ಕಿನ ಗ್ಯಾಸ್ ಕೊಳವೆ ಎಳೆಯುವಾಗ, ಕೆಲವೊಮ್ಮೆ ಯಾರಿಗೂ ತಿಳಿಯದಂತೆ ಅದು ಮಲದ ಕೊಳವೆಯನ್ನೇ ತೂರಿ ಹೋಗಿರುತ್ತದೆ. ವರ್ಷಗಳ ಬಳಿಕ ಕೊಳವೆ ಕಟ್ಟಿ, ಬಿಡಿಸಲು ಬಂದವನ ಕತ್ತರಿಸುವ ಯಂತ್ರ ಆ ಗ್ಯಾಸ್ ಕೊಳವೆಯನ್ನು ಕೊಯ್ದರೆ ಮನೆಯೇ ಸಿಡಿಯುತ್ತದೆ. ಹೀಗೆ ಸತ್ತವರಿದ್ದಾರೆ. ಕ್ಯಾಮೆರಾ ಮೊದಲು ಹೋದರೆ ಆ ಅಡ್ಡ ಕೊಳವೆ ಕಾಣುತ್ತದೆ.

ಕಡೆಗೆ ಅಳಿಯ ಏಣಿ ಹತ್ತಿ ಮಾಡಿನ ಮಳೆನೀರಿನ ದೋಣಿಗೆ ಒಂದು ಲೋಟ ಹಸಿರು ಬಣ್ಣ ಸುರಿದು ನೀರು ಬಿಟ್ಟ. ಪಿಟ್ಸ್‌ಬರ್ಗಿನ ಸುತ್ತಲ ಎಷ್ಟೋ ಊರುಗಳಲ್ಲಿ ಮನೆ ಮಾರುವ ಮುನ್ನ ಈ ಪರೀಕ್ಷೆಯ ಪತ್ರ ಬೇಕು. ಮಳೆನೀರು ಮಲಿನ ನೀರಿನ ಕೊಳವೆಗೆ ಸೇರಬಾರದು. ಸೇರಿದರೆ ಜೋರು ಮಳೆಗೆ ಕೊಳವೆಗಳು ಉಕ್ಕಿ ಹೊಲಸೆಲ್ಲ ನದಿಗಳ ಪಾಲಾಗುತ್ತದೆ. ನಾವೆಲ್ಲ ಪರದೆ ನೋಡುತ್ತ ಕಾದೆವು. ಹಸಿರು ಬರಲಿಲ್ಲ. ಅಲ್ಲಿಂದ ಮುಂದೆ ಕ್ಯಾಮೆರಾ ತೊಂಬತ್ತೆರಡನೆಯ ಅಡಿಗೆ ಬೀದಿಯ ದೊಡ್ಡ ಕೊಳವೆಯ ಬಾಯಿಗೆ ತಲುಪಿತು. ಅಕ್ಕಪಕ್ಕದ ಮನೆಗಳ ನೀರೆಲ್ಲ ಅಲ್ಲಿ ಎಡದಿಂದ ಬಲಕ್ಕೆ ಹೊಳೆಯಾಗಿ ಹೋಗುತ್ತಿತ್ತು. ಅದು ಎಂಬತ್ತಮೂರು ಊರುಗಳ ಇಂಥದೇ ನೀರಿನ ಜೊತೆ ಸೇರಿ, ಒಹಾಯೋ ದಂಡೆಯ ಅಲ್ಕೊಸಾನ್ ಶುದ್ಧೀಕರಣ ಘಟಕಕ್ಕೆ ಹೋಗಿ, ಶುದ್ಧವಾಗಿ ನದಿ ಸೇರುತ್ತದಂತೆ. ಅಡುಗೆಮನೆಯ ಸಿಂಕಿನಿಂದ ಮೆಕ್ಸಿಕೊ ಕೊಲ್ಲಿಯವರೆಗೆ ದಾರಿ ತೆರೆದಿತ್ತು!

ಆ ಬೆರಗಿನ ನಡುವೆಯೇ ನನ್ನ ಮನಸ್ಸು ಸವಣೂರಿಗೆ ಹೋಯಿತು. ನಮ್ಮ ಹಾವೇರಿ ಜಿಲ್ಲೆಯ ಆ ಊರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದವರು ನಡುಬೀದಿಯಲ್ಲಿ ಮೈಮೇಲೆ ಮಲ ಸುರಿದುಕೊಂಡು ತಮ್ಮ ಪಾಡನ್ನು ನಾಡಿಗೆ ತೋರಿಸಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ್ದರು. 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಒಳಚರಂಡಿಯ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಾಗೆ ಏರಿಸಬೇಕಾಗಿ ಬಂದದ್ದೇ ನಮ್ಮ ಸಂಕಟ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಕೊಳವೆ ಎಲ್ಲಿ ಕಟ್ಟಿದೆ ಎಂದು ತಿಳಿಯಲು ನಾವು ಮನುಷ್ಯನ ಕಣ್ಣು, ಕೈ, ಉಸಿರುಗಳನ್ನೇ ಕಳಿಸುತ್ತ ಬಂದಿದ್ದೇವೆ, ಅದೂ ಹೆಚ್ಚಾಗಿ ದಲಿತರದು. ಹೆಬ್ಬೆರಳಿನ ಗಾತ್ರದ ಈ ಕಣ್ಣು ಮಾಡುವ ಕೆಲಸ ಅದೇ. ಇದು ಕಂಡದ್ದನ್ನು ನೋಡಿ ನನಗೆ ಬಂದದ್ದು ಬರೀ ಬೆರಗಲ್ಲ, ಸಿಟ್ಟೂ ಬಂತು. ಕೇರಳದ ಹುಡುಗರು 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲಿಗಿಳಿಯುವ ಬ್ಯಾಂಡಿಕೂಟ್ ಯಂತ್ರಕ್ಕೆ ಕ್ಯಾಮೆರಾ ಕೂಡಿಸಿ ಕೆಲಸಕ್ಕೆ ಹಚ್ಚಿದರು. ನಮ್ಮ ದೇಶಕ್ಕೆ ಆಗದ ಕೆಲಸವೇನಲ್ಲ.

ದೇವಸ್ಥಾನದಲ್ಲಿ ಪರಿಚಯವಾದ ಧಾರವಾಡದ ದಂಪತಿ ಉತ್ತರಕ್ಕೆ, ಬಟ್ಲರ್ ಕೌಂಟಿಯ ಹಳ್ಳಿಗಾಡಿನಲ್ಲಿದ್ದಾರೆ. ನನ್ನ ಉತ್ಸಾಹ ಕೇಳಿ, “ನಮ್ಮ ಸೆಪ್ಟಿಕ್ ಟ್ಯಾಂಕ್ ತೆಗೆಸೋದದ ಅಕ್ಕಾರ, ಬರ್ರಿ ನೋಡಾಕ,” ಎಂದು ಕರೆದರು. ಅಮೆರಿಕದ ಐದು ಮನೆಗಳಲ್ಲಿ ಒಂದಕ್ಕೂ ಹೆಚ್ಚು ಇಂಥ ಸ್ವಂತ ವ್ಯವಸ್ಥೆಯನ್ನೇ ನೆಚ್ಚಿವೆ. ಅಂಗಳದ ಮುಚ್ಚಳ ತೆಗೆದಾಗ ಕಂಡದ್ದು ಸುಮಾರು 3,800 ಲೀಟರಿನ ಕಾಂಕ್ರೀಟ್ ತೊಟ್ಟಿ. ಮೇಲೆ ಜಿಡ್ಡಿನ ಕೆನೆ, ತಳದಲ್ಲಿ ಹೂಳು, ನಡುವೆ ಕಂದು ನೀರು. ತಪಾಸಣೆಗೆ ಬಂದವಳು ಪಾರದರ್ಶಕ ಕೊಳವೆಯೊಂದನ್ನು ಇಳಿಸಿ ಎತ್ತಿ ಮೂರೂ ಪದರಗಳ ದಪ್ಪ ಅಳೆದಳು. ತೊಟ್ಟಿಯೊಳಗೆ ಗಾಳಿ ಬೇಡದ ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ಘನವನ್ನು ಕರಗಿಸುತ್ತಿರುತ್ತವೆ. ಇದನ್ನು ಮೊದಲು ಕಂಡವನು ಫ್ರಾನ್ಸಿನ ಜಾನ್ ಲೂಯಿ ಮೂರಾ. 1860ರ ಸುಮಾರಿಗೆ ತನ್ನ ಮನೆಗೆ ಅವನು ಕಟ್ಟಿಸಿದ ಮುಚ್ಚಿದ ತೊಟ್ಟಿಯನ್ನು ಕೆಲವು ವರ್ಷಗಳ ಬಳಿಕ ತೆರೆದರೆ, ಗಟ್ಟಿ ಪದಾರ್ಥ ಹೆಚ್ಚುಕಡಿಮೆ ಇರಲೇ ಇಲ್ಲ! 1881ರಲ್ಲಿ ಅದಕ್ಕೆ ಪೇಟೆಂಟ್ ಪಡೆದ.

ತೊಟ್ಟಿಯ ಹೊರಬಾಯಿಯಿಂದ ಕ್ಯಾಮೆರಾ ಹೊರಟು ನೀರು ಮೇಲೆತ್ತುವ ಪಂಪಿನ ತೊಟ್ಟಿಯವರೆಗೆ ಹೋಯಿತು. ಅಲ್ಲಿಂದ ಮುಂದೆ ರಂಧ್ರದ ಕೊಳವೆಗಳು, ಜಲ್ಲಿ, ಮರಳಿನ ಎತ್ತರದ ದಿಬ್ಬ. ಪೆನ್ಸಿಲ್ವೇನಿಯಾದ ಈ ಭಾಗದ ಜಿಗುಟು ಮಣ್ಣು ನೀರು ಇಂಗಿಸುವುದು ನಿಧಾನ, ಅದಕ್ಕೇ ದಿಬ್ಬ. ಜಲ್ಲಿಯೂ ಮರಳೂ ಸೇರುವಲ್ಲಿ ಸೂಕ್ಷ್ಮಜೀವಿಗಳ ಕಪ್ಪು ಲೋಳೆಯ ತೆಳು ಪದರ ಬೆಳೆದು, ರೋಗಾಣುಗಳನ್ನು ಹಿಡಿದು ನಿಲ್ಲಿಸುತ್ತದೆ. ದಿಬ್ಬದ ಮೇಲೆ ಹುಲ್ಲು, ಹುಲ್ಲಿನ ಮೇಲೆ ಜಿಂಕೆಗಳು.

ಊರಿಗೆ ಮರಳುವಾಗ ವಿಮಾನ ಇಳಿದದ್ದು ದೇವನಹಳ್ಳಿಯಲ್ಲೇ ಅಲ್ಲವೇ? ಬೆಂಗಳೂರಿನ ತಮ್ಮನ ಮನೆಯಲ್ಲಿ ತುಸು ಸುಧಾರಿಸಿಕೊಂಡು ಮತ್ತೆ ಅತ್ತಲೇ ಹೊರಟೆ. ಒಳಚರಂಡಿಯಿಲ್ಲದ ಊರಿನ ಗುಂಡಿಗಳ ಹೂಳನ್ನು ಶುದ್ಧಗೊಳಿಸುವ ಘಟಕ 2015ರಲ್ಲಿ ಅಲ್ಲಿ ಶುರುವಾಯಿತು, ದೇಶದಲ್ಲೇ ಇಂಥ ಮೊದಲನೆಯದು. ದಿನಕ್ಕೆ 6,000 ಲೀಟರಿನ ಸಾಮರ್ಥ್ಯ. ಹೂಳು ಒಣಗುವ ಮರಳಿನ ಹಾಸುಗಳನ್ನು ನೋಡಿಕೊಂಡು ಹೊರಬರುವಾಗ ಸಕ್ಕಿಂಗ್ ಲಾರಿಯೊಂದು ಸಿಕ್ಕಿತು. ಚಾಲಕನಿಗೆ ಅಮೆರಿಕದ ಕೊಳವೆಯ ವಿಡಿಯೊ ತೋರಿಸಿದೆ. ಸ್ಟೀರಿಂಗಿನ ಮೇಲೆ ಕೈಯೂರಿ ಅವನು ಬೇರುಗಳನ್ನು ನೋಡಿದ, ಹೊಟ್ಟೆ ಬಿಟ್ಟ ಕೊಳವೆಯನ್ನು ನೋಡಿದ. ಹುಲ್ಲಿನ ಮೇಲೆ ಗ್ರಾಹಕ ಹಿಡಿದು ನಡೆಯುವ ಭಾಗ ಬಂದಾಗ ವಿಡಿಯೊವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದ.

“ನಮ್ಗೆ ಪೈಪೊಳಗಿಂದು ಆಮೇಲೆ ಅಮ್ಮ,” ಎಂದ. “ಪಿಟ್ಟಿನ ಮುಚ್ಚಳ ಎಲ್ಲೈತೆ ಅಂತ ಮನೆಯವ್ರಿಗೇ ಗೊತ್ತಿರಲ್ಲ. ಮೇಲೆ ಟೈಲ್ಸ್ ಹಾಕ್ಸಿ ಕಾರ್ ನಿಲ್ಸಿರ್ತಾರೆ. ಹಾರೆಲಿ ತಟ್ಟಿ ತಟ್ಟಿ ಸದ್ದು ಕೇಳಿ ಹುಡುಕ್ತೀವಿ. ಈ ಬೀಪ್ ಅನ್ನೋ ಮಿಷನ್ನು ಟೈಲ್ಸ್ ಕೆಳಗೂ ಹಿಡಿಯುತ್ತಾ?”

ಆರು ಅಡಿ ಮಣ್ಣು ತೂರಿದ್ದನ್ನು ನಾನೇ ಕಂಡಿದ್ದೇನೆ ಅಂದೆ. ಅವನು ತನ್ನ ಫೋನ್ ತೆಗೆದು, ಆ ವಿಡಿಯೊ ಕಳಿಸಿಕೊಡಿ, ಮಾಲೀಕರಿಗೆ ತೋರಿಸ್ತೀನಿ ಎಂದು ನಂಬರು ಹೇಳತೊಡಗಿದ.